ತಾಳಿ, ತಾಯತ, ಹಿಜಾಬ್: ಕಾರ್ಖಾನೆ ಗೇಟಿನಲ್ಲಿ ಕೇಳಬೇಕಾದ ಪ್ರಶ್ನೆ

ಮಾನ್ಯ ಸಂಪಾದಕರೇ,

2022ರಲ್ಲಿ ತರಗತಿಯ ಬಾಗಿಲಲ್ಲಿ ಹಿಜಾಬ್, 2025ರ ಏಪ್ರಿಲ್‌ನಲ್ಲಿ ಬೀದರ್ ಮತ್ತು ಶಿವಮೊಗ್ಗದ ಸಿಇಟಿ ಕೇಂದ್ರಗಳ ಬಾಗಿಲಲ್ಲಿ ಜನಿವಾರ. ಎರಡು ಸಲವೂ ರಾಜ್ಯವೆಲ್ಲ ಮಾತಾಡಿತು. ಅದು ಕಾಲೇಜು ಮತ್ತು ಪರೀಕ್ಷಾ ಕೊಠಡಿಯ ಮಾತು. ಆದರೆ ಅದರ ಬಿಸಿ ಕಾರ್ಖಾನೆ ಗೇಟಿಗೂ ಆಸ್ಪತ್ರೆ ವಾರ್ಡಿಗೂ ತಾಗಿದೆ. 2022ರ ಫೆಬ್ರವರಿ 5ರ ಸರ್ಕಾರಿ ಆದೇಶವಾಗಲಿ, ಮಾರ್ಚ್ 15ರ ಹೈಕೋರ್ಟ್ ತೀರ್ಪಾಗಲಿ ವಿದ್ಯಾಸಂಸ್ಥೆಗಳ ಸಮವಸ್ತ್ರಕ್ಕೆ ಸಂಬಂಧಿಸಿದ್ದು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಬ್ಬೊಬ್ಬರು ಒಂದೊಂದು ತೀರ್ಪು ಕೊಟ್ಟರು. ಇವನ್ನು ತಂದು ಗಾರ್ಮೆಂಟ್ಸ್ ಕಾರ್ಖಾನೆಯ ನೋಟಿಸ್ ಬೋರ್ಡಿಗೆ ಅಂಟಿಸುವುದಕ್ಕೆ ಯಾವ ಆಧಾರವೂ ಇಲ್ಲ.

ಕಾರ್ಖಾನೆಗಳ ಸುರಕ್ಷತೆ ಮತ್ತು ಆಸ್ಪತ್ರೆಗಳ ಸೋಂಕು ನಿಯಂತ್ರಣದ ಕೆಲಸ ಮಾಡುವ ನಮ್ಮ ಮಾತು ಇಷ್ಟೇ. ಗೇಟಿನಲ್ಲಿ ನಿಂತು ಧರ್ಮ ಯಾವುದು ಎಂದು ನೋಡಬೇಡಿ. ಮೈಮೇಲಿರುವ ಈ ವಸ್ತು, ಒಳಗಿನ ಆ ಮೆಷಿನ್ನಿನ ಹತ್ತಿರ ಹೋದರೆ ಏನಾಗುತ್ತದೆ ಎಂದು ನೋಡಿ. ಹಾಗೆ ನೋಡಲು ಕಲಿತರೆ ಬಹುಪಾಲು ವಸ್ತುಗಳನ್ನು ತೆಗೆಸುವ ಅಗತ್ಯವೇ ಬೀಳುವುದಿಲ್ಲ. ತೆಗೆಯಲೇಬೇಕಾದ ಕೆಲವಕ್ಕೆ ಬದಲಿ ದಾರಿ ಇರುತ್ತದೆ, ಅದೂ ಎಷ್ಟೋ ಸಲ ಆಯಾ ಸಂಪ್ರದಾಯದ ಒಳಗೇ.

ಲೋಹದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರವಾದ ಲೇತಿನ ಲೆಕ್ಕ ತೆಗೆದುಕೊಳ್ಳಿ. 40 ಮಿ.ಮೀ. ದಪ್ಪದ ಶಾಫ್ಟ್ ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆ ಎನ್ನೋಣ. ಲೇತಿಗೆ ಅದೇನೂ ದೊಡ್ಡ ವೇಗವಲ್ಲ. ಶಾಫ್ಟಿನ ಸುತ್ತಳತೆ ಹನ್ನೆರಡೂವರೆ ಸೆಂ.ಮೀ., ಸೆಕೆಂಡಿಗೆ 10 ಸುತ್ತು. ಅಂದರೆ ಸಿಕ್ಕಿಬಿದ್ದ ಬಟ್ಟೆ ಸೆಕೆಂಡಿಗೆ ಒಂದೂಕಾಲು ಮೀಟರಿನಂತೆ ಸುತ್ತಿಕೊಳ್ಳುತ್ತದೆ. ಸುತ್ತಿಕೊಂಡಷ್ಟೂ ಶಾಫ್ಟ್ ದಪ್ಪವಾಗಿ ಎಳೆತ ಇನ್ನೂ ಜೋರಾಗುತ್ತದೆ. ಏನೋ ಎಳೆಯುತ್ತಿದೆ ಎಂದು ಮೈಗೆ ಗೊತ್ತಾಗಿ, ಕೈ ಸ್ಟಾಪ್ ಬಟನ್ ಹುಡುಕುವಷ್ಟರಲ್ಲಿ ಮೀಟರು ಬಟ್ಟೆ ಒಳಗೆ ಹೋಗಿರುತ್ತದೆ. ಬಟನ್ ಒತ್ತಿದ ಮೇಲೂ ಶಾಫ್ಟನ್ನು ಹಿಡಿದು ತಿರುಗಿಸುವ ಚಕ್ ತನ್ನ ಭಾರಕ್ಕೆ ಇನ್ನಷ್ಟು ಸುತ್ತು ಹೊಡೆದೇ ನಿಲ್ಲುವುದು. ಕುತ್ತಿಗೆಗೂ ಚಕ್ಕಿಗೂ ನಡುವೆ ಇದ್ದದ್ದು ಅರ್ಧ ಮೀಟರ್ ಮಾತ್ರ.

ಆ ಶಾಫ್ಟಿಗೆ ಸಿಕ್ಕಿದ್ದು ಹಿಜಾಬಿನ ತುದಿಯೋ, ವೇಲೋ, ಸೀರೆಯ ಸೆರಗೋ, ಮಾಲಾಧಾರಿಯ ಹೆಗಲ ಮೇಲಿನ ಶಲ್ಯವೋ, ಎಲ್ಲವೂ ಒಂದೇ. ಅದಕ್ಕೇ ತಿರುಗುವ ಯಂತ್ರದ ಬಳಿ ಮೂರು ವಿಷಯ ನೋಡಬೇಕು: ವಸ್ತು ಸಡಿಲವಾಗಿ ತೂಗುತ್ತದೆಯೇ, ಮುಂದಕ್ಕೆ ಬಗ್ಗಿದಾಗ ಮೆಷಿನ್ನಿಗೆ ಎಟಕುವಷ್ಟು ಉದ್ದವಿದೆಯೇ, ಎಳೆದರೆ ಹರಿದು ಅಥವಾ ಬಿಚ್ಚಿ ಬರುತ್ತದೆಯೇ. ಈ ಮೂರನ್ನೂ ಹಿಡಿದು ಹೊರಟರೆ ಮೊದಲು ಸಿಕ್ಕಿಬೀಳುವುದು ಯಾವ ಧರ್ಮದ ವಸ್ತುವೂ ಅಲ್ಲ, ಕಂಪನಿಯೇ ಕೊಟ್ಟ ಐಡಿ ಕಾರ್ಡಿನ ಟ್ಯಾಗು. ತಾಯತದ ಕರಿದಾರ ತೆಗೆಸಿ, ಅದಕ್ಕಿಂತ ಗಟ್ಟಿಯಾದ ನೈಲಾನ್ ಟ್ಯಾಗನ್ನು ಅದೇ ಕುತ್ತಿಗೆಗೆ ಹಾಕುವುದು ಸುರಕ್ಷತೆಯಲ್ಲ. ಎಳೆದ ಕೂಡಲೇ ಕಳಚಿಕೊಳ್ಳುವ ಕೊಂಡಿಯಿರುವ ಟ್ಯಾಗುಗಳು ಸಿಗುತ್ತವೆ. ಮೆಷಿನ್ ಶಾಪಿನಲ್ಲಿ ಅದೂ ಬೇಡ, ಕಾರ್ಡನ್ನು ಜೇಬಿಗೆ ಕ್ಲಿಪ್ ಮಾಡಿದರೆ ಸಾಕು. ಮ್ಯಾನೇಜ್‌ಮೆಂಟ್ ಮೊದಲು ತನ್ನ ಟ್ಯಾಗನ್ನು ಸರಿಮಾಡಿಕೊಂಡು ಆಮೇಲೆ ತಾಯತದ ಮಾತೆತ್ತಲಿ, ಕೆಲಸಗಾರರು ಕೇಳುತ್ತಾರೆ.

ಇನ್ನೊಂದು ಮಾತು ಮ್ಯಾನೇಜರುಗಳಿಗೆ ನೆನಪಿರಲಿ. ಓಡುತ್ತಿರುವ ಯಂತ್ರವನ್ನು ಪರೀಕ್ಷಿಸುವ, ಅದಕ್ಕೆ ಎಣ್ಣೆ ಬಿಡುವ ಕೆಲಸದವರು ಮೈಗೆ ಬಿಗಿಯಾದ ಉಡುಪು ತೊಟ್ಟಿರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 22ನೇ ಸೆಕ್ಷನ್ ಹೇಳಿತು. ಅಷ್ಟಕ್ಕೇ ನಿಲ್ಲಿಸಲಿಲ್ಲ, ಆ ಉಡುಪನ್ನು ಕಾರ್ಖಾನೆಯವರೇ ಒದಗಿಸಬೇಕು ಎಂದೂ ಹೇಳಿತು. ‘ನಿನ್ನ ಬಟ್ಟೆ ಸರಿಯಿಲ್ಲ, ಮನೆಗೆ ಹೋಗು’ ಎನ್ನುವುದು ಕಾಯ್ದೆಯ ಅರ್ಧವನ್ನಷ್ಟೇ ಓದಿದವರ ಮಾತು.

ಗಾರ್ಮೆಂಟ್ಸ್ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಬೆಂಗಳೂರು, ರಾಮನಗರ, ಮಂಡ್ಯ ಕಡೆ ಹೊಲಿಗೆ ಲೈನುಗಳಲ್ಲಿ ಕೂತವರಲ್ಲಿ ಹೆಂಗಸರೇ ಹೆಚ್ಚು. ಸೀರೆ, ಚೂಡಿದಾರ, ಬುರ್ಖಾ ಎಲ್ಲ ಒಂದೇ ಸಾಲಿನಲ್ಲಿ. ಇಲ್ಲಿ ಹಿಜಾಬಿನ ನಿಜವಾದ ತೊಂದರೆ ಬಟ್ಟೆಯದಲ್ಲ, ಪಿನ್ನಿನದು. ಉದ್ದ ಬಟ್ಟೆಯನ್ನು ತಲೆಗೆ ಸುತ್ತಿ ನಿಲ್ಲಿಸಲು ಮೂರು ನಾಲ್ಕು ಗುಂಡುಪಿನ್ನು ಬೇಕು. ಅದರಲ್ಲಿ ಒಂದು ಜಾರಿ ಮಗುವಿನ ಫ್ರಾಕಿನೊಳಗೆ ಬಿದ್ದರೆ ಇಡೀ ಕಾರ್ಟನ್ ವಾಪಸು ಬರುತ್ತದೆ. ಎಕ್ಸ್‌ಪೋರ್ಟ್ ಕಾರ್ಖಾನೆಯಲ್ಲಿ ಸೂಜಿ ಮುರಿದರೆ ಅದರ ಚೂರುಗಳನ್ನೆಲ್ಲ ಹುಡುಕಿ, ರಿಜಿಸ್ಟರಿನಲ್ಲಿ ಟೇಪು ಹಚ್ಚಿ ಅಂಟಿಸಿ, ತಾರೀಖು ಬರೆದ ಮೇಲಷ್ಟೇ ಹೊಸ ಸೂಜಿ ಕೊಡುತ್ತಾರೆ. ಒಂದು ಚೂರು ಸಿಗದಿದ್ದರೂ ಅಲ್ಲಿರುವ ಪೀಸುಗಳನ್ನೆಲ್ಲ ಬೇರೆ ಇಟ್ಟು ಮೆಟಲ್ ಡಿಟೆಕ್ಟರ್ ಹಾಯಿಸಬೇಕು. ಇಷ್ಟು ಕಟ್ಟುನಿಟ್ಟಿನ ಜಾಗದಲ್ಲಿ ಲೆಕ್ಕವಿಲ್ಲದ ಪಿನ್ನುಗಳು ಫ್ಲೋರಿನ ಮೇಲೆ ಓಡಾಡುವಂತಿಲ್ಲ. ಸೆರಗಿಗೆ, ವೇಲಿಗೆ ಚುಚ್ಚಿದ ಸೇಫ್ಟಿ ಪಿನ್ನಿಗೂ, ತಾಳಿಸರಕ್ಕೆ ಸಿಕ್ಕಿಸಿಕೊಂಡ ಪಿನ್ನುಗಳಿಗೂ ಇದೇ ಮಾತು. ಸೂಪರ್‌ವೈಸರ್ ಹಿಜಾಬಿನ ಪಿನ್ನನ್ನು ಮಾತ್ರ ಹಿಡಿದು ಸೆರಗಿನ ಪಿನ್ನನ್ನು ಬಿಟ್ಟರೆ ಅಲ್ಲಿಂದಲೇ ಜಗಳ ಶುರು.

ದಾರಿ ಸುಲಭ. ಟೀ ಶರ್ಟಿನ ಹಾಗೆ ತಲೆಯ ಮೇಲಿಂದ ಹಾಕಿಕೊಳ್ಳುವ, ಮುಖದ ಸುತ್ತ ಮಾತ್ರ ತೆರೆದಿರುವ ಒಂದೇ ತುಂಡಿನ ಹಿಜಾಬ್ ಇದೆ. ಪಿನ್ನು ಬೇಡ, ತುದಿ ತೂಗುವುದಿಲ್ಲ. ಹೊಸೈರಿ ಬಟ್ಟೆಯಾದರೆ ಹಿಗ್ಗುತ್ತದೆ, ಹತ್ತಿಯಾದರೆ ಬೆವರು ಹೀರುತ್ತದೆ. ಹೆಗಲು ಮುಚ್ಚುವಷ್ಟು ಉದ್ದ ಸಾಕು, ಅದರ ಅಂಚು ಏಪ್ರನ್ನಿನ ಒಳಗೆ ಹೋಗಬೇಕು. ಒಬ್ಬರಿಗೆ ಮೂರು ಬೇಕು: ಒಂದು ತಲೆಯ ಮೇಲೆ, ಒಂದು ಒಗೆಯಲು, ಒಂದು ಮಳೆಗಾಲಕ್ಕೆ. ಲೈನಿನಲ್ಲಿ ಉಳಿದವರು ಹಾಕುವ ಟೋಪಿಯ ಬಣ್ಣದ್ದೇ ಆದರೆ ಸಮವಸ್ತ್ರವೂ ಆಯಿತು. ಸಾವಿರಗಟ್ಟಲೆ ಪೀಸು ಹೊಲಿಯುವ ಕಾರ್ಖಾನೆಗೆ ತನ್ನ ಕೆಲಸಗಾರರಿಗೆ ಇದನ್ನು ಹೊಲಿದುಕೊಡುವುದು ಒಂದು ಮಧ್ಯಾಹ್ನದ ಕೆಲಸ. ಮೈಮೇಲಿನ ಉದ್ದ ಬುರ್ಖಾಕ್ಕೆ ಬದಲು ತೋಳಿನ ತುದಿಗೆ ಗುಂಡಿಯಿರುವ, ಮೊಣಕಾಲು ದಾಟುವ ಕೋಟು ಕೊಟ್ಟರೆ ಒಪ್ಪುವವರು ಬಹಳ ಮಂದಿ ಇದ್ದಾರೆ. ಕೋಟನ್ನು ಒಂದು ಸೈಜ್ ದೊಡ್ಡದೇ ಕೊಡಿ, ತೋಳು ಮಾತ್ರ ಬಿಗಿಯಿರಲಿ.

ಹೊಲಿಗೆ ಮೆಷಿನ್ನು ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆ ಹಾಕುತ್ತದೆ. ಬಟ್ಟೆ, ಕೂದಲು ಸಿಕ್ಕುವುದು ಹೆಚ್ಚಾಗಿ ಸೂಜಿಯ ಹತ್ತಿರವಲ್ಲ, ಬಲಗಡೆಯ ಚಕ್ರ ಮತ್ತು ಮೇಜಿನ ಕೆಳಗಿನ ಬೆಲ್ಟಿನಲ್ಲಿ. ಬಂಡಲ್ ಎತ್ತಿಕೊಳ್ಳಲು ಬಲಕ್ಕೆ ಬಗ್ಗಿದಾಗ ವೇಲಿನ ತುದಿ ನೇರ ಅಲ್ಲಿಗೇ ಬೀಳುತ್ತದೆ. ಬೆಲ್ಟಿಗೆ ಕವರ್ ಇಲ್ಲದ ಮೆಷಿನ್ನಿನ ಮುಂದೆ ಕೂರಿಸಿ ಬಟ್ಟೆಯನ್ನು ಬೈಯುವುದು ನ್ಯಾಯವಲ್ಲ. ಕವರ್ ಮೊದಲು, ಬಟ್ಟೆ ಆಮೇಲೆ.

ಬೆಂಕಿ ಕೆಲಸದಲ್ಲಿ ಲೆಕ್ಕ ಬೇರೆ. ವೆಲ್ಡಿಂಗ್, ಗ್ರೈಂಡಿಂಗ್, ಕುಲುಮೆಯ ಹತ್ತಿರ ಬಟ್ಟೆ ಎಷ್ಟು ಮುಚ್ಚಿದೆ ಎನ್ನುವುದಕ್ಕಿಂತ ಯಾವುದರದು ಎನ್ನುವುದು ಮುಖ್ಯ. ಪಾಲಿಯೆಸ್ಟರ್ ಮತ್ತು ನೈಲಾನ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಹತ್ತಿ ಕರಕಲಾಗುತ್ತದೆ, ಅಂಟುವುದಿಲ್ಲ. ಹತ್ತಿಯ ತಲೆವಸ್ತ್ರ ಇಲ್ಲಿ ರಕ್ಷಣೆಯೇ ಸರಿ, ಕಿಡಿ ಕುತ್ತಿಗೆಗೆ ಬೀಳದಂತೆ ತಡೆಯುತ್ತದೆ. ಅಂಗಡಿಯಲ್ಲಿ ಸಿಗುವ ಹೊಳೆಯುವ ಕರಿ ಬುರ್ಖಾ ಬಟ್ಟೆ ಬಹುತೇಕ ಪಾಲಿಯೆಸ್ಟರ್. ಮಾಲಾಧಾರಿಗಳ ಕಪ್ಪು ಪಂಚೆ, ಓಂ ಶಕ್ತಿ ಮಾಲೆಯ ಕೆಂಪು ಸೀರೆಗಳಲ್ಲೂ ಅಗ್ಗದ್ದು ಹಾಗೆಯೇ ಇರುತ್ತದೆ. ಒಂದು ಎಳೆ ಕಿತ್ತು ದೂರದಲ್ಲಿ ಸುಟ್ಟು ನೋಡಿ: ತುದಿಯಲ್ಲಿ ಗಟ್ಟಿ ಮಣಿ ಕಟ್ಟಿದರೆ ಪಾಲಿಯೆಸ್ಟರ್, ಬೂದಿ ಉದುರಿದರೆ ಹತ್ತಿ.

ಕೊರಳಿನ ಲೋಹದ ವಿಷಯದಲ್ಲಿ ಜನಕ್ಕೆ ತಪ್ಪು ತಿಳಿವಳಿಕೆ ಬಹಳ. ‘ಬ್ಯಾಟರಿ 12 ವೋಲ್ಟ್ ತಾನೇ, ಶಾಕ್ ಹೊಡೆಯಲ್ಲ’ ಎನ್ನುತ್ತಾರೆ. ಶಾಕ್ ಹೊಡೆಯದು, ಸರಿ. ಆದರೆ ಉಂಗುರವೋ ಸರವೋ ಬ್ಯಾಟರಿಯ ಎರಡು ತುದಿಗಳನ್ನು ಒಟ್ಟಿಗೆ ಮುಟ್ಟಿದರೆ ನೂರಾರು ಆಂಪಿಯರ್ ಕರೆಂಟ್ ಅದರಲ್ಲಿ ಹರಿದು, ಕಣ್ಣುಮಿಟುಕಿಸುವಷ್ಟರಲ್ಲಿ ಕೆಂಪಗೆ ಕಾಯುತ್ತದೆ. ಚರ್ಮ ಸುಡುವುದು ಹಾಗೆ. ಬೆಳ್ಳಿ ಅತ್ಯುತ್ತಮ ವಾಹಕ. ಹೀಗಾಗಿ ಬ್ಯಾಟರಿ ರೂಮು, ಎಲೆಕ್ಟ್ರಿಕಲ್ ಪ್ಯಾನೆಲ್, ಯುಪಿಎಸ್ ಕೆಲಸದಲ್ಲಿ ತೂಗುವ ಲೋಹ ಕೂಡದು: ತಾಳಿಸರ, ಶಿಲುಬೆಯ ಚೈನು, ತಾಮ್ರದ ತಾಯತ, ಬೆಳ್ಳಿ ಉಡಿದಾರ, ಇಷ್ಟಲಿಂಗ ಇಡುವ ಬೆಳ್ಳಿಯ ಕರಡಿಗೆ ಯಾವುದೂ.

ಇಲ್ಲಿ ಸಂಪ್ರದಾಯವೇ ಸಹಾಯಕ್ಕೆ ಬರುತ್ತದೆ. ಚಿನ್ನದ ಸರ ತೆಗೆಯಬೇಕಾದಾಗ ಅರಿಶಿನದ ಕೊಂಬನ್ನು ಅರಿಶಿನ ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಳ್ಳುವುದು ನಮ್ಮ ಮನೆಗಳಲ್ಲಿ ಇರುವ ಪದ್ಧತಿಯೇ. ಕೊರಳು ಬರಿದಾಗಲಿಲ್ಲ, ಲೋಹವೂ ಇಲ್ಲ. ಇಷ್ಟಲಿಂಗವನ್ನು ಮೈಯಿಂದ ಅಗಲಿಸುವಂತಿಲ್ಲ ಎನ್ನುವವರಿಗೆ ‘ತೆಗೆದಿಡಿ’ ಎಂದರೆ ಮಾತು ಅಲ್ಲೇ ಮುರಿಯುತ್ತದೆ. ತೊಂದರೆ ಲಿಂಗದ್ದಲ್ಲ, ಬೆಳ್ಳಿಯ ಕರಡಿಗೆಯದು. ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿಕೊಳ್ಳುವ ರೂಢಿ ಹಳ್ಳಿಗಳಲ್ಲಿ ಮೊದಲಿನಿಂದ ಇದೆ. ಆ ಬಟ್ಟೆಯ ಗಂಟು ಬನಿಯನ್ನಿನ ಒಳಗೆ, ಎದೆಗೆ ಒತ್ತಿಕೊಂಡಿದ್ದರೆ ಪ್ಯಾನೆಲ್ ಕೆಲಸಕ್ಕೆ ಅಡ್ಡಿಯಿಲ್ಲ. ಸಿಖ್ಖರ ಕಡಗ ಎಷ್ಟೋ ಸಲ ಕೈಯಿಂದ ಇಳಿಯದಷ್ಟು ಬಿಗಿಯಾಗಿರುತ್ತದೆ, ತೆಗೆಯುವುದೂ ಅವರಿಗೆ ಒಪ್ಪಿಗೆಯಿಲ್ಲ. ಮುಂಗೈಯಿಂದ ಮೇಲಕ್ಕೆ ಸರಿಸಿ, ಇನ್ಸುಲೇಶನ್ ಟೇಪು ಸುತ್ತಿ, ಅದರ ಮೇಲೆ ಉದ್ದ ರಬ್ಬರ್ ಗ್ಲೌಸ್ ಹಾಕಬಹುದು.

ಜನಿವಾರ ಹತ್ತಿಯ ನೂಲು. ಅಂಗಿಯ ಒಳಗಿದ್ದರೆ ಯಾವ ಮೆಷಿನ್ನಿಗೂ, ಯಾವ ಪ್ಯಾನೆಲ್ಲಿಗೂ ಅದರಿಂದ ಅಪಾಯವಿಲ್ಲ. ಶಿವದಾರಕ್ಕೂ ಇದೇ ಮಾತು. ಅಪಾಯ ಬರುವುದು ಅದಕ್ಕೆ ಬೀರುವಿನ ಕೀಲಿಕೈ, ಸೇಫ್ಟಿ ಪಿನ್ನು ಕಟ್ಟಿಕೊಂಡಾಗ. ಕೀಲಿಕೈ ಬಿಚ್ಚಿಸಿ, ಜನಿವಾರಕ್ಕೆ ಕೈ ಹಾಕಬೇಡಿ.

ಎಂಆರ್‌ಐ ಕೊಠಡಿಯ ನಿಯಮ ಎಲ್ಲಕ್ಕಿಂತ ಕಟ್ಟುನಿಟ್ಟು, ಅದಕ್ಕೆ ವಿನಾಯಿತಿ ಕೇಳುವುದೇ ತಪ್ಪು. ಅಲ್ಲಿನ ಅಯಸ್ಕಾಂತ ಯಂತ್ರ ಓಡದಿದ್ದಾಗಲೂ ಎಳೆಯುತ್ತಲೇ ಇರುತ್ತದೆ. ಚಿನ್ನದ ತಾಳಿಯನ್ನು ಅದು ಎಳೆಯದು, ಆದರೆ ತಾಳಿಯ ಪಕ್ಕದಲ್ಲಿ ತೂಗುವ ಎರಡು ಉಕ್ಕಿನ ಪಿನ್ನುಗಳನ್ನು ಬಾಣದಂತೆ ಸೆಳೆಯುತ್ತದೆ. ಒಳಗೆ ಹೋಗುವ ನರ್ಸು, ಆಯಾ, ರೋಗಿಯ ಜೊತೆಗಾರರು ಎಲ್ಲರೂ ಲೋಹವನ್ನೆಲ್ಲ ಹೊರಗಿಡಲೇಬೇಕು. ಕೌಂಟರಿನಲ್ಲಿ ಒಂದಷ್ಟು ಅರಿಶಿನ ದಾರ ಇಟ್ಟಿರಿ, ಅರ್ಧ ವಾದ ತಪ್ಪುತ್ತದೆ.

ಆಸ್ಪತ್ರೆಯಲ್ಲಿ ಪ್ರಶ್ನೆ ಸಿಕ್ಕಿಬೀಳುವುದಲ್ಲ, ಒದ್ದೆಯಾಗುವುದು. ಮಣಿಕಟ್ಟಿನ ಕೆಂಪು ದಾರ, ಕಪ್ಪು ದಾರ, ದರ್ಗಾದ ದಾರ, ಜಾತ್ರೆಯ ಕಂಕಣ ಎಲ್ಲವೂ ಕೈ ತೊಳೆದಾಗ ನೆನೆಯುತ್ತವೆ, ಗಂಟೆಗಟ್ಟಲೆ ಒಣಗುವುದಿಲ್ಲ. ಸೋಪು ಹಚ್ಚಿ ಕೈ ತೊಳೆದು ಒರೆಸುವುದಕ್ಕೆ ಒಟ್ಟು 40ರಿಂದ 60 ಸೆಕೆಂಡ್, ಸ್ಯಾನಿಟೈಸರ್ ಹಚ್ಚಿ ಉಜ್ಜುವುದಕ್ಕೆ 20ರಿಂದ 30 ಸೆಕೆಂಡ್ ಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಕ್ರಮ. ದಾರದ ಎಳೆಗಳ ಸಂದಿಯಲ್ಲಿ ಉಜ್ಜು ತಲುಪುವುದಿಲ್ಲ. ಒಬ್ಬ ರೋಗಿಯ ಗಾಯದಿಂದ ಇನ್ನೊಬ್ಬ ರೋಗಿಯ ಗಾಯಕ್ಕೆ ಅದೇ ದಾರ ಓಡಾಡುತ್ತದೆ. ಅದನ್ನು ಕತ್ತರಿಸಬೇಕಿಲ್ಲ, ಗಂಟು ಬಿಚ್ಚಿ ರಟ್ಟೆಗೆ ಕಟ್ಟಿಕೊಳ್ಳಬಹುದು, ತಾಯತ ಕಟ್ಟುವ ಜಾಗ ಅದೇ ತಾನೇ. ವಾಚು ಮತ್ತು ಕಲ್ಲಿನ ಉಂಗುರಕ್ಕೂ ಇದೇ ನಿಯಮ ಅನ್ವಯಿಸಲಿ, ಡಾಕ್ಟರಿಂದಲೇ ಶುರುವಾಗಲಿ.

ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಯನ್ನು ಮುಟ್ಟುವವರ ಕೈ ಮೊಣಕೈವರೆಗೆ ಬರಿದಾಗಿರಬೇಕೆಂಬ ನಿಯಮ ಬಂದಾಗ ಮುಸ್ಲಿಂ ವೈದ್ಯೆಯರಿಗೂ ಸಿಖ್ಖರಿಗೂ ತೊಡಕಾಯಿತು. 2010ರ ಮಾರ್ಗಸೂಚಿ ಬಿಡಿಸಿದ ಬಗೆ ನಮಗೂ ಹೊಂದುತ್ತದೆ. ಒಂದು ಸಲ ಬಳಸಿ ಬಿಸಾಡುವ ತೋಳುಚೀಲ, ಮಣಿಕಟ್ಟಿಗೂ ಮೊಣಕೈಗೂ ಎಲಾಸ್ಟಿಕ್; ಮೊದಲು ಕೈ ತೊಳೆದು ಆಮೇಲೆ ತೊಡಬೇಕು, ಗ್ಲೌಸಿನ ಹಾಗೆ ರೋಗಿಯಿಂದ ರೋಗಿಗೆ ಬದಲಿಸಬೇಕು. ಕಡಗವನ್ನು ಮೇಲಕ್ಕೆ ಸರಿಸಿ ಬಿಗಿ ಮಾಡಬೇಕು. ಮಂಗಳೂರು, ಉಡುಪಿ ಕಡೆಯಿಂದ ಅಲ್ಲಿಗೆ ಹೋದ ನರ್ಸುಗಳಿಗೆ ಇದು ದಿನನಿತ್ಯದ ಕ್ರಮ. ಇಲ್ಲಿ ಮಾತ್ರ ಇನ್ನೂ ‘ತೋಳು ಮಡಚು’, ‘ಮಡಚಲ್ಲ’ ಎಂಬ ಹಗ್ಗಜಗ್ಗಾಟ.

ಆಪರೇಷನ್ ಥಿಯೇಟರಿನಲ್ಲಿ ತಲೆ ಮುಚ್ಚುವುದು ಎಲ್ಲರಿಗೂ ಕಡ್ಡಾಯ. ತಲೆ, ಕಿವಿ, ಕುತ್ತಿಗೆ ಎಲ್ಲ ಮುಚ್ಚುವ ಹುಡ್ ಆಕಾರದ ಟೋಪಿಗಳು ಮಾರುಕಟ್ಟೆಯಲ್ಲಿವೆ. ಗಡ್ಡ ಬಿಟ್ಟ ಸರ್ಜನ್ನರು ಹಾಕುವುದೂ ಅಂಥದ್ದನ್ನೇ. ಕನ್ಯಾಸ್ತ್ರೀ ನರ್ಸುಗಳು ತಮ್ಮ ತಲೆವಸ್ತ್ರ ಬಿಟ್ಟು ಥಿಯೇಟರಿನ ಟೋಪಿ ಹಾಕಿ ಕೆಲಸ ಮಾಡುತ್ತ ಬಂದಿದ್ದಾರೆ, ಅದನ್ನು ಯಾರೂ ವಿವಾದ ಮಾಡಲಿಲ್ಲ. ಹಿಜಾಬಿಗೂ ಹುಡ್ ಸಾಕು. ತೋಳಿನ ವಿಷಯದಲ್ಲಿ ಮಾತ್ರ ಬಗ್ಗುವಂತಿಲ್ಲ. 2023ರ ಜೂನ್‌ನಲ್ಲಿ ತಿರುವನಂತಪುರದ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿನಿಯರು ಉದ್ದ ತೋಳಿನ ಜಾಕೆಟ್ ಮತ್ತು ಹುಡ್ ಕೇಳಿದಾಗ ಜನ ಎರಡನ್ನೂ ಒಂದೇ ಎಂಬಂತೆ ಚರ್ಚಿಸಿದರು. ಎರಡೂ ಬೇರೆ ಬೇರೆ. ಶಸ್ತ್ರಚಿಕಿತ್ಸೆಯ ಮುಂಚೆ ಬೆರಳಿನಿಂದ ಮೊಣಕೈವರೆಗೆ 2ರಿಂದ 5 ನಿಮಿಷ ತೊಳೆಯಲೇಬೇಕು, ಅಲ್ಲಿ ಬಟ್ಟೆಯ ತೋಳು ಇರಲಾಗದು. ಆಮೇಲೆ ತೊಡುವ ಸ್ಟೆರೈಲ್ ಗೌನು ಮಣಿಕಟ್ಟಿನವರೆಗೂ ಮುಚ್ಚುತ್ತದೆ. ಕೈ ಬರಿದಾಗಿರುವುದು ನಲ್ಲಿಯಿಂದ ಗೌನಿನವರೆಗಿನ ಆ ಕೆಲವು ನಿಮಿಷ. ಅಷ್ಟು ಹೊತ್ತಿಗೆ ನಲ್ಲಿಯ ಪಕ್ಕ ಒಂದು ಅಡ್ಡಪರದೆ ಅಥವಾ ಹೆಂಗಸರಿಗೆ ಬೇರೆ ಸರದಿ ಇಟ್ಟರೆ ಮುಗಿಯಿತು.

ಒಂದೇ ಶಿಲುಬೆ, ಎರಡು ತೀರ್ಮಾನ: ಇದನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2013ರ ಜನವರಿಯಲ್ಲಿ ಚೆನ್ನಾಗಿ ಬಿಡಿಸಿತು. ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ ಕೂರುವ ನಾಡಿಯಾ ಎವೀಡಾ ಸಣ್ಣ ಶಿಲುಬೆ ಕಾಣುವಂತೆ ಹಾಕಿಕೊಂಡರೆ ಯಾರಿಗೂ ಹಾನಿಯಿಲ್ಲ ಎಂದು ಆಕೆಯ ಪರ ತೀರ್ಪಾಯಿತು. ಅದೇ ತೀರ್ಪಿನಲ್ಲಿ, ಚೈನಿನಲ್ಲಿ ಶಿಲುಬೆ ತೂಗಿಸಿಕೊಂಡು ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್ ಶರ್ಲಿ ಚಾಪ್ಲಿನ್ ಸೋತರು. ರೋಗಿ ಅದನ್ನು ಹಿಡಿದು ಎಳೆಯಬಹುದು, ಗಾಯಕ್ಕೆ ತಾಗಬಹುದು ಎಂಬ ಕಾರಣಕ್ಕೆ. ಅದನ್ನು ಬ್ರೋಚಿನಂತೆ ಚುಚ್ಚಿಕೊಳ್ಳಿ ಅಥವಾ ಎತ್ತರದ ಕಾಲರಿನ ಒಳಗೆ ಇಟ್ಟುಕೊಳ್ಳಿ ಎಂದು ಆಸ್ಪತ್ರೆ ಮೊದಲೇ ಬದಲಿ ಹೇಳಿತ್ತು. ಧರ್ಮ ಒಂದೇ, ವಸ್ತು ಒಂದೇ, ಜಾಗ ಬೇರೆ.

ಗಡ್ಡದ ಮಾತು ಬಂದರೆ ಮುಸ್ಲಿಮರು, ಸಿಖ್ಖರು ಎಂದಷ್ಟೇ ಯೋಚಿಸುತ್ತಾರೆ. ಎನ್-95 ಮಾಸ್ಕಿಗೆ ಮಾಲೆ ಹಾಕಿದ ಅಯ್ಯಪ್ಪ ಭಕ್ತರ ಗಡ್ಡವೂ ಅಷ್ಟೇ ಅಡ್ಡಿ. ಮಾಸ್ಕಿನ ಅಂಚು ಚರ್ಮಕ್ಕೆ ಕೂರಬೇಕು. ನಡುವೆ ಕೂದಲಿದ್ದರೆ ಗಾಳಿ ಫಿಲ್ಟರನ್ನು ಬಿಟ್ಟು ಆ ಸಂದಿಯಿಂದಲೇ ನುಗ್ಗುತ್ತದೆ. ನವೆಂಬರ್‌ನಲ್ಲಿ ಫಿಟ್ ಟೆಸ್ಟ್ (ಮಾಸ್ಕ್ ಸಂದಿಯಿಲ್ಲದೆ ಕೂರುತ್ತದೆಯೇ ಎಂಬ ಪರೀಕ್ಷೆ) ಪಾಸಾದವರು ಡಿಸೆಂಬರ್‌ನಲ್ಲಿ ಫೇಲಾಗುವುದು ಇದಕ್ಕೇ. ಕೋವಿಡ್ ಕಾಲದಲ್ಲಿ ಬ್ರಿಟನ್ನಿನ ಸಿಖ್ ವೈದ್ಯರು ಸಿಂಗ್ ಠಾಠಾ ಎಂಬ ಕ್ರಮ ಕಂಡುಕೊಂಡರು. ಗಡ್ಡವನ್ನೆಲ್ಲ ಒಳಗೆ ಮಾಡಿ, ಹಿಗ್ಗುವ ರಬ್ಬರ್ ಪಟ್ಟಿಯನ್ನು ಗದ್ದದ ಅಡಿಯಿಂದ ನೆತ್ತಿಗೆ ಎಳೆದು ಕಟ್ಟಿ, ಅದರ ಮೇಲೆ ಮಾಸ್ಕ್ ಹಾಕುವುದು. ಪ್ರತಿಯೊಬ್ಬರೂ ಫಿಟ್ ಟೆಸ್ಟ್ ಮಾಡಿಸಿಕೊಂಡೇ ನಂಬಬೇಕು. ಆಗದಿದ್ದರೆ ಬ್ಯಾಟರಿ ಫ್ಯಾನಿನಿಂದ ಗಾಳಿ ಕೊಡುವ ಸಡಿಲ ಹುಡ್ ಇದೆ, ಅದಕ್ಕೆ ಗಡ್ಡವೂ ಪೇಟವೂ ತೊಂದರೆಯಲ್ಲ. ದುಬಾರಿ, ಆದರೆ ಪೇಂಟ್ ಬೂತಿನಂಥ ಜಾಗಕ್ಕೆ ಒಂದು ಇದ್ದರೆ ಸರದಿಯಲ್ಲಿ ಬಳಸಬಹುದು.

ಪೇಟ ಕಟ್ಟಿದ ಸಿಖ್ಖರಿಗೆ ರಸ್ತೆಯಲ್ಲಿ ಹೆಲ್ಮೆಟ್ ವಿನಾಯಿತಿ ಇದೆ, 1988ರ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ನಿನಲ್ಲಿ. ಅದು ರಸ್ತೆಗೆ ಮಾತ್ರ. ಕಟ್ಟಡದ ಸೈಟಿನಲ್ಲಿ ಮೇಲಿಂದ ಬೀಳುವ ಇಟ್ಟಿಗೆಗೆ ಆ ಸೆಕ್ಷನ್ ಗೊತ್ತಿಲ್ಲ. ಪೇಟದ ಬದಲು ಪಟ್ಕಾ ಎಂಬ ಚಿಕ್ಕ ತಲೆಬಟ್ಟೆ ಕಟ್ಟಿ ಅದರ ಮೇಲೆ ಹೆಲ್ಮೆಟ್ ಹಾಕಲು ಒಪ್ಪುವವರಿದ್ದಾರೆ. ಒಪ್ಪದವರನ್ನು ಕ್ರೇನ್ ಓಡಾಡದ, ತಲೆಯ ಮೇಲೆ ಕೆಲಸ ನಡೆಯದ ಜಾಗಕ್ಕೆ ಹಾಕಬೇಕು, ಸಂಬಳ ಕಡಿಮೆಯಾಗದಂತೆ.

ಬರಿಗಾಲಿನ ವ್ರತ ನಮ್ಮ ಕಾರ್ಖಾನೆಗಳಲ್ಲಿ ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗುವ, ಗಾಯ ಮಾತ್ರ ಹೆಚ್ಚು ಮಾಡುವ ವಿಷಯ. ವೃಶ್ಚಿಕ ಮಾಸ ಶುರುವಾಗುವುದು ನವೆಂಬರ್ ಮಧ್ಯಕ್ಕೆ, ಮಂಡಲ ವ್ರತ 41 ದಿನ. ಹನುಮ ಮಾಲೆ, ದತ್ತ ಮಾಲೆ, ಓಂ ಶಕ್ತಿ ಮಾಲೆ ಹಾಕುವವರೂ ಇದ್ದಾರೆ. ನೆಲದಲ್ಲಿ ಲೇತಿನ ಸುರುಳಿ ಚೂರು, ಎಣ್ಣೆ, ಬಿಸಿ ಸ್ಲ್ಯಾಗ್ (ಲೋಹದ ಕಿಟ್ಟ). ಸೇಫ್ಟಿ ಶೂವಿನ ಉಕ್ಕಿನ ಮೂತಿ 200 ಜೂಲ್ ಪೆಟ್ಟು ತಡೆಯುತ್ತದೆ, ಅಂದರೆ 20 ಕಿಲೋ ತೂಕ ಒಂದು ಮೀಟರ್ ಮೇಲಿಂದ ಬಿದ್ದಷ್ಟು. ಬರಿಗಾಲಿಗೆ ಅದರ ಬದಲಿ ಯಾವುದೂ ಇಲ್ಲ. ‘ಸ್ವಾಮಿ, ನೋಡಿಕೊಂಡು ನಡೀರಿ’ ಎಂದು ಬಿಟ್ಟುಬಿಡುವ ಸೂಪರ್‌ವೈಸರ್ ಭಕ್ತಿಗೆ ಗೌರವ ಕೊಟ್ಟಂತಲ್ಲ, ಕಾಲನ್ನು ಪಣಕ್ಕಿಟ್ಟಂತೆ. ಅಕ್ಟೋಬರ್‌ನಲ್ಲೇ ಕೇಳಿಕೊಳ್ಳಿ, ಯಾರು ಮಾಲೆ ಹಾಕುತ್ತಾರೆ, ಯಾವ ದಿನದಿಂದ. ಆ 41 ದಿನ ಅವರನ್ನು ಸ್ಟೋರ್ಸ್ ಲೆಕ್ಕ, ಇನ್‌ಸ್ಪೆಕ್ಷನ್ ಟೇಬಲ್, ಪ್ಯಾಕಿಂಗ್ ಕಡೆಗೆ ಹಾಕಿ. ಕೆಲಸದ ಹೊತ್ತಿನಲ್ಲಿ ಮಾತ್ರ ಶೂ ಹಾಕಿ, ಹೊರಗೆ ಬಿಡುತ್ತೇವೆ ಎನ್ನುವವರೂ ಬಹಳ. ಗುರುಸ್ವಾಮಿಯನ್ನು ಕೇಳಿ ಬನ್ನಿ ಎಂದರೆ ಸಾಮಾನ್ಯವಾಗಿ ಒಪ್ಪಿಗೆ ಸಿಗುತ್ತದೆ. ಅವರಿಗೆ ಹೊಸ ಜೊತೆ ಕೊಡಿ, ಹಳೆಯ ಚರ್ಮದ ಶೂ ಕೊಡಬೇಡಿ. ಚರ್ಮವಿಲ್ಲದ ಸೇಫ್ಟಿ ಶೂ ಸಿಗುತ್ತದೆ. ಅಂದಹಾಗೆ, ಈ ಸ್ವಾಮಿಗಳೇ ಶಬರಿಮಲೆಯ ದಾರಿಯಲ್ಲಿ ಎರುಮೇಲಿಯ ವಾವರ ಮಸೀದಿಗೆ ಹೋಗಿ ಬರುವುದು. ಪಕ್ಕದ ಮೆಷಿನ್ನಿನ ಮುಸ್ಲಿಂ ಗೆಳೆಯನಿಗೆ ಇದನ್ನು ಹೇಳಿ ನೋಡಿ, ಊಟದ ಹೊತ್ತಿನ ಮಾತು ಚೆನ್ನಾಗಿ ಬೆಳೆಯುತ್ತದೆ.

ಆಹಾರ ಮತ್ತು ಔಷಧ ಘಟಕಗಳದು ಚಿಕ್ಕ ಮಾತು. ಗಾಜಿನ ಬಳೆ, ಮುಡಿದ ಹೂ, ಸ್ಟಿಕ್ಕರ್ ಬೊಟ್ಟು ಮೂರೂ ಬ್ಯಾಚಿನೊಳಗೆ ಬೀಳುವಂಥವು, ಒಳಗೆ ಬೇಡ. ವಿಭೂತಿ, ಕುಂಕುಮ ಪುಡಿಯಾಗಿ ಉದುರುತ್ತವೆ. ಧೂಳು ಬರದಂತೆ ಕಾಯುವ ಕ್ಲೀನ್ ರೂಮಿನಲ್ಲಿ ಪೌಡರ್, ಕಾಡಿಗೆಗೂ ಅದೇ ನಿಷೇಧ ಎಂದು ಬೋರ್ಡಿನಲ್ಲಿ ಒಟ್ಟಿಗೇ ಬರೆಯಿರಿ. ಕಾಲುಂಗುರ ಬಿಗಿ ಶೂವಿನಲ್ಲಿ ಬೆರಳನ್ನು ಕೊರೆಯುತ್ತದೆ, ಒಂದು ಸೈಜ್ ಅಗಲದ ಶೂ ಕೊಟ್ಟರೆ ತೆಗೆಯುವ ಪ್ರಶ್ನೆ ಬಾರದು.

ನಿಯಮ ಸರಿಯಿದ್ದೂ ಹೇಳುವ ರೀತಿ ಕೆಟ್ಟರೆ ಎಲ್ಲ ಕೆಟ್ಟಂತೆ. ಹೇಳಬೇಕಾದ ಹೊತ್ತು ಕೆಲಸಕ್ಕೆ ಸೇರುವ ದಿನ, ಎಚ್‌ಆರ್ ಕೊಠಡಿಯಲ್ಲಿ. ಶಿಫ್ಟಿನ ಹೊತ್ತಿಗೆ ಗೇಟಿನಲ್ಲಿ, ಸಾಲು ನಿಂತಿರುವವರ ಮುಂದೆ ಅಲ್ಲ. ಒಂದು ಪುಟದ ಪಟ್ಟಿ ಮಾಡಿ: ಯಾವ ಜಾಗ, ಯಾವ ವಸ್ತು, ಏನಾಗುತ್ತದೆ, ಬದಲಿ ಏನು. ಅದನ್ನು ಸುರಕ್ಷತಾ ಸಮಿತಿಯಲ್ಲಿ ಕೆಲಸಗಾರರ ಜೊತೆ ಕೂತು ಬರೆಯಿರಿ. ಏನಾಗುತ್ತದೆ ಎಂಬ ಕಾಲಮ್ಮಿನಲ್ಲಿ ಬರೆಯಲು ಏನೂ ಹೊಳೆಯದಿದ್ದರೆ ಆ ವಸ್ತುವನ್ನು ಪಟ್ಟಿಯಿಂದ ಹೊಡೆದುಹಾಕಿ. ಕಂಪ್ಯೂಟರ್ ಮುಂದೆ ಕೂರುವವರ ಪಟ್ಟಿ ಖಾಲಿಯೇ ಇರುತ್ತದೆ, ಇರಬೇಕಾದದ್ದೂ ಹಾಗೆಯೇ.

ಸೆಕ್ಯೂರಿಟಿಯವರು ಯಾರ ಕೊರಳಿಗೂ ತಲೆಗೂ ಕೈ ಹಾಕಕೂಡದು. ತೆಗೆಯಬೇಕಾದದ್ದನ್ನು ಅವರವರೇ, ಮರೆಯಲ್ಲಿ ತೆಗೆಯಬೇಕು. ಹೆಂಗಸರಿಗೆ ಹೆಂಗಸರೇ ಹೇಳಬೇಕು. ಕತ್ತರಿ ಯಾವ ಕಾರಣಕ್ಕೂ ಬೇಡ. ತೆಗೆದ ವಸ್ತುವಿಗೆ ಜಾಗ ಬೇಕು: ಬೀಗ ಇರುವ ಚಿಕ್ಕ ಖಾನೆ, ಸೊಂಟಕ್ಕಿಂತ ಎತ್ತರದಲ್ಲಿ, ಚಪ್ಪಲಿ ಗೂಡಿನಿಂದ ದೂರ, ಒಳಗೆ ಒಗೆದ ಬಿಳಿ ಬಟ್ಟೆ. ತಾಳಿಯನ್ನು, ಜಪಸರವನ್ನು, ಕುರಾನಿನ ವಾಕ್ಯವಿರುವ ತಾಯತವನ್ನು ಚಪ್ಪಲಿಯ ಪಕ್ಕದ ಪ್ಲಾಸ್ಟಿಕ್ ಟ್ರೇಗೆ ಹಾಕಿ ಎಂದಾಗ ಆಗುವ ನೋವು ಎಲ್ಲ ಮನೆಗಳಲ್ಲೂ ಒಂದೇ. ನಮ್ಮ ಅನುಭವದಲ್ಲಿ ಅರ್ಧ ಜಗಳಗಳು ಆ ಟ್ರೇಯಿಂದಲೇ ಹುಟ್ಟಿದವು.

ಜೊತೆಯಲ್ಲಿ ಕೆಲಸ ಮಾಡುವವರೂ ಒಂದು ಮಾತು ಗಮನಿಸಲಿ. ‘ನಿಮ್ಮವರಲ್ಲಿ ಹೀಗಂತೆ’ ಎಂದು ಶುರುವಾಗುವ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಇಡೀ ಜನಾಂಗದ ಪರ ವಕಾಲತ್ತು ವಹಿಸಬೇಕಾಗುತ್ತದೆ. ‘ನಿಮ್ಮ ಮನೆಯಲ್ಲಿ ಹೇಗೆ?’ ಎಂದು ಕೇಳಿದರೆ ಅಮ್ಮನ, ಅಜ್ಜಿಯ ಮಾತು ಬರುತ್ತದೆ. ಆಯುಧಪೂಜೆಯ ದಿನ ಮೆಷಿನ್ ಒರೆಸಿ ಸಜ್ಜು ಮಾಡುವುದು ಎಲ್ಲರ ಕೆಲಸ. ಕುಂಕುಮ ಹಚ್ಚುವುದು, ಆರತಿ ತೆಗೆದುಕೊಳ್ಳುವುದು ಇಷ್ಟವಿದ್ದವರದು. ಕುಂಕುಮವನ್ನು ಸೆನ್ಸರಿನ ಕಣ್ಣಿಗೆ ಹಚ್ಚಬೇಡಿ, ಮಾರನೆಯ ದಿನ ಲೈನು ನಿಲ್ಲುತ್ತದೆ. ಥಿನ್ನರ್ ಡ್ರಮ್ಮಿನ ಹತ್ತಿರ ಕರ್ಪೂರ ಹಚ್ಚಬೇಡಿ. ಒಡೆದ ಬೂದುಗುಂಬಳವನ್ನು ದಾರಿಯಲ್ಲಿ ಬಿಟ್ಟರೆ ಯಾರಾದರೂ ಜಾರುತ್ತಾರೆ. ರಂಜಾನ್ ವರ್ಷ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಬೇಸಿಗೆಗೆ ಸಿಕ್ಕಿದ ವರ್ಷಗಳಲ್ಲಿ ರೋಜಾ ಇರುವವರನ್ನು ಬಾಯ್ಲರಿನ ಮುಂದೆ ಮಧ್ಯಾಹ್ನ ನಿಲ್ಲಿಸಬೇಡಿ, ಭಾರದ ಕೆಲಸ ಬೆಳಿಗ್ಗೆಗೆ ಇರಲಿ. ನಿರ್ಜಲ ಏಕಾದಶಿ ಮಾಡುವವರಿಗೂ ಇದೇ ಅನುಕೂಲ ಸಿಗಬೇಕು.

ಕೊನೆಯದಾಗಿ ನಿಮ್ಮ ವರದಿಗಾರರಲ್ಲಿ ಒಂದು ವಿನಂತಿ. ಮುಂದಿನ ಸಲ ಎಲ್ಲಾದರೂ ತಾಳಿ ತೆಗೆಸಿದರು, ಹಿಜಾಬ್ ತಡೆದರು, ಜನಿವಾರ ಕತ್ತರಿಸಿದರು ಎಂಬ ಸುದ್ದಿ ಬಂದಾಗ ನಾಲ್ಕು ವಿವರ ಕೇಳಿ ಬರೆಯಿರಿ: ಆ ವ್ಯಕ್ತಿ ಯಾವ ಮೆಷಿನ್ನಿನ ಅಥವಾ ಯಾವ ವಾರ್ಡಿನ ಕೆಲಸಕ್ಕೆ ಹೋಗುತ್ತಿದ್ದರು, ನಿಯಮ ಬರಹದಲ್ಲಿ ಇತ್ತೇ, ಬದಲಿ ಏನು ಕೊಟ್ಟರು, ತೆಗೆದದ್ದನ್ನು ಎಲ್ಲಿ ಇಡಲು ಹೇಳಿದರು.

ಇಂತಿ,
ಕಾರ್ಖಾನೆ ಸುರಕ್ಷತೆ ಹಾಗೂ ಆಸ್ಪತ್ರೆ ಸೋಂಕು ನಿಯಂತ್ರಣದ ಕೆಲಸದಲ್ಲಿರುವ ಕೆಲವರು,
ಬೆಂಗಳೂರು